ದಡಬಡನು ತಿರುಗಿ ನೋಡುವುದನ್ನು ತೆಗೆಯಬಾರದೆಂದು ಕೋರಿ

ಇಂದ:
ಹಿರಿಯ ಸಹಾಯಕಿ, ಚಲನೆ ವಿಭಾಗ,
ಮೂರನೆಯ ಮಹಡಿ, ಕಿಟಕಿ ತೆರೆಯಲು ಬಾರದ ಕೊಠಡಿ.

ಗೆ:
ಮಾನ್ಯ ಮುಖ್ಯಸ್ಥರು, ವಿಡಿಯೋ ಗೇಮ್ ತಯಾರಿಕಾ ಕಚೇರಿ,
ಅದೇ ಮಹಡಿ, ಮೊನ್ನೆಯವರೆಗೆ ಗಾಜಿನ ಬಾಗಿಲಿದ್ದ ಕೊಠಡಿ.

ವಿಷಯ: ನಮ್ಮ ಆಟದ ನಾಯಕನಾದ ದಡಬಡನು ಓಡುವಾಗ ನಡುವೆ ಒಮ್ಮೆ ತಿರುಗಿ ನೋಡುವುದನ್ನು ಕತ್ತರಿಸದೆ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: 1. ‘ಅನಗತ್ಯ ತಿರುಗುನೋಟವನ್ನು ಕೂಡಲೇ ತೆಗೆದುಹಾಕತಕ್ಕದ್ದು’ ಎಂಬ ತಮ್ಮ ಲಿಖಿತ ಆದೇಶ.
2. ‘ಇಳ್ಸೋ, ಏಯ್, ಕೆಳಗಿಳ್ಸೋ ನನ್ನ’ ಎಂದು ಮೆಟ್ಟಿಲ ಮೇಲೆ ತಾವು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿಯಲ್ಲಿ ‘ನಾನು, ನನ್ನ’ ಎಂದು ಬರೆದರೆ ಗೋಳು ಜಾಸ್ತಿಯಾಗಿ ವಿಷಯ ಕಮ್ಮಿಯಾಗುತ್ತದೆ ಎಂದು ತಾವು ಹೊರಡಿಸಿದ ಸುತ್ತೋಲೆಯನ್ನು ಶಿರಸಾ ವಹಿಸಿ, ಅರ್ಜಿದಾರಳು ಈ ಅರ್ಜಿಯುದ್ದಕ್ಕೂ ತನ್ನನ್ನು ಅರ್ಜಿದಾರಳು ಎಂದೇ ಕರೆದುಕೊಂಡಿರುತ್ತಾಳೆ. ಇಷ್ಟಾಗಿಯೂ ಎಲ್ಲಾದರೂ ಗೋಳು ಕಂಡುಬಂದಲ್ಲಿ ಅದು ಕಿಟಕಿ ತೆರೆಯಲು ಬಾರದ ಕೊಠಡಿಯ ಧೂಳೆಂದು ಪರಿಗಣಿಸತಕ್ಕದ್ದು.

1. ಈ ಅರ್ಜಿ ತಮ್ಮ ಮೇಲಿನವರ ಮೇಜಿಗೂ ಹೋಗುವ ಸಂಭವವಿದೆ. ಅವರಿಗೆ ಆಟ ಮಾರಿ ಗೊತ್ತೇ ಹೊರತು ಆಡಿ ಗೊತ್ತಿಲ್ಲ. ಆದಕಾರಣ ದಡಬಡನ ಗುಣನಡತೆಯನ್ನು ಮೊದಲು ನಿವೇದಿಸಿಕೊಳ್ಳಲಾಗಿದೆ. ಸದರಿ ನಾಯಕನು ಎಳೆಯ ಪ್ರಾಯದವನು. ನಿಂತಲ್ಲಿ ನಿಲ್ಲುವವನಲ್ಲ. ಸೇತುವೆ ಪೂರ್ತಿ ಕಟ್ಟಿದ್ದಾರೋ ಇಲ್ಲವೋ ಎಂಬುದು ಅವನಿಗೆ ಅರ್ಧ ಸೇತುವೆ ದಾಟಿದ ಮೇಲೆ ತಿಳಿಯುತ್ತದೆ. ‘ತೆರೆಯಬಾರದು’ ಎಂಬ ಫಲಕವನ್ನು ಬಾಗಿಲು ಒಡೆಯಲು ಸಿಕ್ಕ ಹಲಗೆ ಎಂದು ತಿಳಿಯುತ್ತಾನೆ. ಯಾರು ಏನೇ ಬುದ್ಧಿ ಹೇಳಿದರೂ ‘ಆಮೇಲ್ ನೋಡ್ಕೊಳ್ಳೋಣ’ ಎನ್ನುತ್ತಾನೆ. ಆಮೇಲೆ ಯಾವತ್ತೂ ನೋಡಿಕೊಂಡದ್ದಿಲ್ಲ. ಅವನ ಜೊತೆಗೆ ಲಾಟೀನಜ್ಜ ಎಂಬ ಕುಂಟು ಮುದುಕನೊಬ್ಬ ಬರುತ್ತಾನೆ. ಆಟವನ್ನು ಇಬ್ಬರು ಕೂಡಿ ಆಡಬಹುದು: ಒಬ್ಬರು ದಡಬಡ, ಇನ್ನೊಬ್ಬರು ಲಾಟೀನಜ್ಜ. ಒಬ್ಬರೇ ಆಡಿದರೆ ಉಳಿದವನನ್ನು ಯಂತ್ರವೇ ನಡೆಸುತ್ತದೆ. ಕತ್ತಲ ಕೋಟೆಯಿಂದ ಇಬ್ಬರೂ ಹೊರಬಿದ್ದರೆ ಗೆದ್ದಂತೆ.

2. ಪರದೆಯ ಮೇಲಿನ ಗೊಂಬೆ ತಾನಾಗಿ ಓಡುವುದಿಲ್ಲ. ಜೀವಂತ ಮನುಷ್ಯನೊಬ್ಬನಿಗೆ ಮೈಗಂಟುವ ಕಪ್ಪು ಬಟ್ಟೆ ತೊಡಿಸಿ, ಅದರ ತುಂಬ ಬಿಳಿ ಗುಂಡಿಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾಗಳನ್ನಿಟ್ಟು ಓಡಿಸಬೇಕು. ಆ ಗುಂಡಿಗಳು ಹೋದಂತೆ ಗೊಂಬೆಯೂ ಹೋಗುತ್ತದೆ. ಅವನು ಸೀನಿದರೆ ಅದೂ ಸೀನುತ್ತದೆ. ಈ ಕೆಲಸಕ್ಕೆ ತಾವು ಕರೆಸಿದ ನಟರು ಮೇಜಿನ ಮೇಲಿಂದ ನೆಗೆಯಲು ಮೊದಲು ಒಂದು ಹಾಸಿಗೆ, ಆಮೇಲೆ ಇನ್ನೊಂದು ಹಾಸಿಗೆ, ಕೊನೆಗೆ ಯೋಚಿಸಲು ಒಂದು ದಿನ ಕೇಳಿದರು. ಅದೇ ಹೊತ್ತಿಗೆ ಅರ್ಜಿದಾರಳ ಕಿರಿಯ ಸಹೋದರನು ಕಚೇರಿಗೆ ಹೊಸ ಬೀರು ಹೊತ್ತು ತಂದಿದ್ದನು. ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದ್ದರಿಂದ ಬೀರುವಿನ ಸಮೇತ ಮೆಟ್ಟಿಲು ಹತ್ತಿ ಬಂದಿದ್ದನು. ಅವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ‘ಇಷ್ಟೇನಾ?’ ಎಂದವನೇ ಮೇಜು ಹತ್ತಿ ನೆಗೆದನು. ಬೀರುವನ್ನು ಇಳಿಸಿಯೇ ನೆಗೆದನು ಎಂಬುದನ್ನು ಅವನ ಪರವಾಗಿ ಸ್ಪಷ್ಟಪಡಿಸಲಾಗಿದೆ. ತಾವು ಅಂದೇ, ‘ಇವನೇ ನಮ್ಮ ಹುಡುಗ’ ಎಂದು ಬೆನ್ನು ತಟ್ಟಿದಿರಿ. ಈಗ ಆ ಮಾತನ್ನು ಮರೆತಂತೆ ಕಾಣುತ್ತದೆ.

3. ಲಾಟೀನಜ್ಜನ ಪಾತ್ರಕ್ಕೆ ಯಾರೂ ಸಿಗದ ಕಾರಣ ಅರ್ಜಿದಾರಳ ಕೈಗೆ ನೆಲ ಒರೆಸುವ ಕೋಲು ಕೊಟ್ಟು, ‘ಇದೇ ಲಾಟೀನು, ಅವನ ಹಿಂದೆ ನಡೀರಿ’ ಎಂದು ತಿಳಿಸಲಾಯಿತು. ಹುಟ್ಟಿನಿಂದಲೇ ಅರ್ಜಿದಾರಳ ಎಡಗಾಲು ಕೊಂಚ ಗಿಡ್ಡ. ಆದ್ದರಿಂದ ಕುಂಟಲು ಬೇರೆ ತರಬೇತಿ ಬೇಕಾಗಲಿಲ್ಲ. ಹೀಗೆ ಅಕ್ಕ ತಮ್ಮಂದಿರಿಬ್ಬರೂ ಆಟದೊಳಗೆ ಸೇರಿಕೊಂಡೆವು.

(ಮೇಲಿನ ಸಾಲಿನಲ್ಲಿ ‘ಸೇರಿಕೊಂಡೆವು’ ಎಂದಿರುವುದನ್ನು ‘ಸೇರಿಕೊಂಡರು’ ಎಂದು ಓದಿಕೊಳ್ಳತಕ್ಕದ್ದು.)

4. ಈಗ ಮುಖ್ಯ ವಿಷಯ. ಸದರಿ ಸಹೋದರನು ಎಷ್ಟೇ ಜೋರಾಗಿ ಓಡಲಿ, ಅರ್ಧ ದಾರಿಯಲ್ಲಿ ಒಮ್ಮೆ ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ನೋಡಿ, ಮತ್ತೆ ಓಡುತ್ತಾನೆ. ಅರ್ಧ ಕ್ಷಣದ ಮಾತು. ಚಿತ್ರೀಕರಣ ಮಾಡಿಸುತ್ತಿದ್ದ ಮೇಷ್ಟ್ರು ಮೊದಲು ನಯವಾಗಿ, ಆಮೇಲೆ ಗದರಿ ಹೇಳಿದರು.

‘ಹಿಂದೆ ನೋಡ್ಬೇಡಪ್ಪಾ. ಕೋಟೆ ಬೀಳ್ತಾ ಇದೆ, ಜೀವ ಕೈಯಲ್ಲಿ ಹಿಡ್ಕೊಂಡು ಓಡ್ತಾ ಇದೀಯ.’

‘ನೋಡಿಲ್ಲ ಸಾರ್.’

‘ನೋಡ್ದೆ.’

‘ನಮ್ಮವ್ವನಾಣೆ ನೋಡಿಲ್ಲ.’

ತಾಯಿಯ ಮೇಲೆ ಆಣೆಯಿಟ್ಟು ಮತ್ತೆ ಓಡಿದನು. ಮತ್ತೆ ನೋಡಿದನು. ಕೊನೆಗೆ ಮೇಷ್ಟ್ರು ತಲೆ ಓಡಿಸಿ, ಅರ್ಜಿದಾರಳನ್ನು ಕೋಲಿನ ಸಮೇತ ಹೊರಗೆ ಕಳಿಸಿ ಬಾಗಿಲು ಮುಚ್ಚಿಸಿದರು. ಹಿಂದೆ ಯಾರೂ ಇಲ್ಲದಿದ್ದರೆ ಏನನ್ನು ನೋಡುತ್ತಾನೆ ಎಂಬುದು ಅವರ ಲೆಕ್ಕಾಚಾರ. ಆಗ ಅವನು ಅರ್ಧ ದಾರಿಯಲ್ಲಿ ನಿಂತೇಬಿಟ್ಟನು. ‘ಅಕ್ಕ ಎಲ್ಲಿ?’ ಎಂದು ಕೇಳಿದನು. ಬಾಗಿಲಾಚೆ ಅರ್ಜಿದಾರಳಿಗೆ ಅದು ಕೇಳಿಸಿತು. ತಿರುಗಿ ನೋಡದ ಓಟ ಒಂದೂ ಸಿಗದ ಕಾರಣ, ಇದ್ದದ್ದನ್ನೇ ಆಟಕ್ಕೆ ಹಾಕಲಾಯಿತು.

5. ಚಿತ್ರೀಕರಣ ಮುಗಿದ ಮೇಲೆ ಅರ್ಜಿದಾರಳು ಅವನನ್ನು ಕೂರಿಸಿ ಪರದೆಯ ಮೇಲೆ ತೋರಿಸಿದಳು. ಅವನು ಬಾಯಿ ಬಿಟ್ಟುಕೊಂಡು ನೋಡಿದನು.

‘ಓಟ ನಂದೇ ಅಕ್ಕ, ಸೂಪರ್ ಆಗಿದೆ. ಆದ್ರೆ ನಡುವೆ ಯಾಕೆ ಹಿಂಗೆ ತಿರುಗ್ತಾನೆ? ಹೆದರಿಕೇನಾ ಅವನಿಗೆ?’

ಅವನಿಗೆ ನಿಜವಾಗಿಯೂ ಗೊತ್ತಿಲ್ಲ, ಮಾನ್ಯರೇ. ಕಣ್ಣು ಮಿಟುಕಿಸುವುದು ಗೊತ್ತಿಲ್ಲದ ಹಾಗೆ ಇದೂ ಗೊತ್ತಿಲ್ಲ. ಅರ್ಜಿದಾರಳು ‘ಆಟದ ಕಥೇಲಿ ಹಂಗಿದೆ ಕಣೋ’ ಎಂದು ಹೇಳಿ ಪ್ರಕರಣವನ್ನು ಮುಕ್ತಾಯಗೊಳಿಸಿದಳು.

6. ಈ ಅಭ್ಯಾಸದ ಮೂಲವನ್ನು ತಿಳಿಸದಿದ್ದರೆ ತಾವು ‘ಸಮರ್ಥನೆ ಸಾಲದು’ ಎಂದು ಅರ್ಜಿಯನ್ನು ಹಿಂದಿರುಗಿಸುತ್ತೀರಿ. ಆದ್ದರಿಂದ ತಿಳಿಸಲಾಗಿದೆ. ಶಾಲೆಗೆ ಹೋಗುವಾಗ ಅಕ್ಕನನ್ನು ಬಿಟ್ಟು ಹೋಗಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಿತ್ತು. ಅವನಿಗೋ ನಡೆಯಲು ಬರುತ್ತಿರಲಿಲ್ಲ, ಓಡಲು ಮಾತ್ರ ಬರುತ್ತಿತ್ತು. ದಿನವೂ ಅಳು, ದಿನವೂ ಜಗಳ. ಒಂದು ದಿನ ನಮ್ಮವ್ವ ರೋಸಿಹೋಗಿ, ‘ಓಡು, ಓಡ್ಕೊಂಡೇ ಹೋಗು. ತಿರುಗಿ ತಿರುಗಿ ನೋಡ್ತಾ ಇರು, ಅಷ್ಟು ಸಾಕು’ ಎಂದು ರಾಜಿ ಮಾಡಿಸಿದಳು. ಅಂದಿನಿಂದ ಅವನು ಬೀದಿಯ ತಿರುವಿನವರೆಗೆ ಓಡುವುದು, ನೋಡುವುದು, ಮತ್ತೆ ಓಡುವುದು. ಅರ್ಜಿದಾರಳು ಯಾವತ್ತೂ ಶಾಲೆಗೆ ತಡವಾಗಿಯೇ ಹೋದಳು. ಆದರೆ ಒಂಟಿಯಾಗಿ ಹೋಗಲಿಲ್ಲ. ಅವ್ವ ಈಗ ಇಲ್ಲ. ಅವಳ ಮಾತು ಮಾತ್ರ ಅವನ ಕತ್ತಿನಲ್ಲಿ ಉಳಿದುಕೊಂಡಿದೆ.

7. ಇನ್ನು ಮೊನ್ನೆ ನಡೆದ ಅಗ್ನಿ ಅಣಕು ಕಾರ್ಯಾಚರಣೆಯ ಬಗ್ಗೆ. ಅಂದು ಸದರಿ ಸಹೋದರನು ಈಜುವ ದೃಶ್ಯಕ್ಕಾಗಿ ಗುಂಡಿಬಟ್ಟೆ ತೊಟ್ಟು, ಸ್ಟೂಲಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿಯುತ್ತಿದ್ದನು. ಗಂಟೆ ಹೊಡೆಯಿತು. ಅವನು ಎಲ್ಲರಿಗಿಂತ ಮೊದಲು ಬೀದಿ ತಲುಪಿದನು. ತಿರುಗಿ ನೋಡಿದನು. ಇಳಿಯುತ್ತಿದ್ದವರನ್ನೆಲ್ಲ ಸೀಳಿಕೊಂಡು ಮತ್ತೆ ಮೇಲೆ ಬಂದನು. ಅರ್ಜಿದಾರಳು ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದಳು.

‘ಬೆಂಕಿ ಇಲ್ವೋ, ಸುಮ್ನೆ ಅಭ್ಯಾಸ ಕಣೋ ಇದು!’

‘ಅಭ್ಯಾಸ ಅಂದ್ಮೇಲೆ ಸರಿಯಾಗೇ ಮಾಡ್ಬೇಕಲ್ವಾ? ಎಲ್ರೂ ಬಂದ್ರಾ?’

‘ನಮ್ಮ ಮುಖ್ಯಸ್ಥರೊಬ್ರೇ ಮೇಲೆ ಫೋನಲ್ಲಿದಾರೆ. ಬಿಡು ಅವರನ್ನ.’

‘ಬಿಡೋದಾ?’ ಎಂದವನು ಅರ್ಜಿದಾರಳನ್ನು ಹೊಸದಾಗಿ ಕಂಡವನಂತೆ ನೋಡಿ, ಮೇಲಕ್ಕೆ ಹಾರಿದನು.

ಮುಂದಿನದು ತಮಗೆ ಗೊತ್ತಿರುವುದೇ. ತಾವು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಿರಿ. ಹಿಡಿಕೆ ಎಳೆದಾಗ ಹಿಡಿಕೆ ಮಾತ್ರ ಬಂದಿತು. ಆಮೇಲೆ ಬಾಗಿಲೂ ಬಂದಿತು. ತಮ್ಮನ್ನು ಅವನು ಬೀರು ಹೊರುವ ಕ್ರಮದಲ್ಲಿಯೇ ಹೊತ್ತು ತಂದನು. ತಿರುವಿನಲ್ಲಿ ‘ತಲೆ ಸ್ವಲ್ಪ ವಾಲಿಸಿ ಸಾರ್, ಮೂಲೆ ತಾಗತ್ತೆ’ ಎಂದದ್ದು ಅವಮಾನ ಮಾಡಲಿಕ್ಕಲ್ಲ. ಬೀರುವಿಗೂ ಅವನು ಹಾಗೆಯೇ ಹೇಳುತ್ತಾನೆ. ಕೆಳಗೆ ಹೊರಗಿನಿಂದ ಬಂದ ಗಣ್ಯರು ನಿಂತಿದ್ದುದಕ್ಕೂ, ತಮ್ಮ ಒಂದು ಬೂಟು ಕಾಣೆಯಾದುದಕ್ಕೂ ಅರ್ಜಿದಾರಳು ಅವನ ಪರವಾಗಿ ವಿಷಾದ ವ್ಯಕ್ತಪಡಿಸುತ್ತಾಳೆ. ನಗು ಬಂದದ್ದಕ್ಕೆ ಪ್ರತ್ಯೇಕವಾಗಿ ವ್ಯಕ್ತಪಡಿಸುತ್ತಾಳೆ.

8. ಮರುದಿನ ಬೆಳಿಗ್ಗೆಯೇ ಉಲ್ಲೇಖ ಒಂದರ ಆದೇಶ ಹೊರಬಿದ್ದಿತು. ಆಡಿ ನೋಡಿದವರು ‘ತಿರುಗಿ ನೋಡುವಾಗ ವೇಗಕ್ಕೆ ಅಡ್ಡಿಯಾಗುತ್ತದೆ’ ಎಂದು ದೂರಿದ್ದಾರೆ ಎಂಬುದು ಅದರಲ್ಲಿ ಕಾಣಿಸಿದ ಕಾರಣ. ಬೇರೆ ಕಾರಣ ಇರಬಹುದೆಂದು ಅರ್ಜಿದಾರಳು ಯೋಚಿಸಿಯೂ ಇಲ್ಲ, ಅಥವಾ ಸ್ವಲ್ಪವೇ ಯೋಚಿಸಿದ್ದಾಳೆ. ಆ ನೋಟವನ್ನು ಚಿತ್ರ ಚಿತ್ರವಾಗಿ ಬಿಡಿಸಿ ತೆಗೆಯುವ ಕೆಲಸ ಕಚೇರಿಯಲ್ಲಿ ಬರುವುದು ಅರ್ಜಿದಾರಳೊಬ್ಬಳಿಗೇ. ಆದ್ದರಿಂದ ಆದೇಶವೂ ಅವಳ ಹೆಸರಿಗೇ ಬಂದಿದೆ.

9. ಅರ್ಜಿದಾರಳು ಆದೇಶವನ್ನು ಪಾಲಿಸಿದ್ದಾಳೆ. ತೆಗೆದಳು. ಓಟ ಬಾಣದ ಹಾಗೆ ನೇರವಾಯಿತು, ಒಪ್ಪತಕ್ಕ ಮಾತು. ಆಮೇಲೆ ಪರೀಕ್ಷೆಗೆಂದು ಆಡಲು ಕೂತಳು. ದಡಬಡನಾಗಿ ಅಲ್ಲ, ಲಾಟೀನಜ್ಜನಾಗಿ. ಕೋಟೆಯ ಓಣಿಯಲ್ಲಿ ಹುಡುಗ ಮುಂದೆ ಓಡಿದನು. ಓಡಿದನು, ಹೋದನು. ಲಾಟೀನು ಹಿಡಿದು ನಿಂತವರಿಗೆ ಅವನ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಅರ್ಜಿದಾರಳು ಗುಂಡಿ ಒತ್ತುವುದನ್ನು ಬಿಟ್ಟು ಸುಮ್ಮನೆ ಕೂತಳು. ಕೋಟೆ ಬಿದ್ದಿತು. ಇಷ್ಟು ವರ್ಷ ಇದೇ ಕೊಠಡಿಯಲ್ಲಿ ಕೆಲಸ ಮಾಡಿದರೂ ಅಲ್ಲಿ ಒಂಟಿ ಎನಿಸಿದ್ದು ಅದೇ ಮೊದಲು. ತಮಗೆ ದೂರು ಕೊಟ್ಟವರೆಲ್ಲ ದಡಬಡನಾಗಿ ಆಡಿದವರು. ಲಾಟೀನಜ್ಜನಾಗಿ ಆಡಿದವರನ್ನು ಯಾರೂ ಕೇಳಿಲ್ಲ. ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

10. ತಮ್ಮ ಆದೇಶದಲ್ಲಿ ದಡಬಡನನ್ನು ‘ಹಿಂದೆ ಮುಂದೆ ನೋಡದೆ ನುಗ್ಗುವ ಹುಡುಗ’ ಎಂದು ಬಣ್ಣಿಸಿದ್ದೀರಿ. ಮುಂದೆ ನೋಡುವುದಿಲ್ಲ ಎಂಬುದಕ್ಕೆ ತಮ್ಮ ಬಾಗಿಲೇ ಸಾಕ್ಷಿ. ಉಳಿದರ್ಧಕ್ಕೆ ಅರ್ಜಿದಾರಳ ತಕರಾರಿದೆ. ಆ ನೋಟವನ್ನು ತೆಗೆದರೆ ಉಳಿಯುವುದು ಬರೀ ಓಡುವ ಹುಡುಗ. ಅಂಥವರು ಬೀದಿ ತುಂಬ ಸಿಗುತ್ತಾರೆ.

11. ಕೊನೆಯ ಸಾಕ್ಷ್ಯ. ಅಂದು ಬೀದಿಯಲ್ಲಿ ಅವನು ತಮ್ಮನ್ನು ಇಳಿಸಿದ ಕೂಡಲೇ ತಾವು ಬೈಯುತ್ತೀರೆಂದು ಎಲ್ಲರೂ ಕಾದಿದ್ದರು. ತಾವು ಬೈಯಲಿಲ್ಲ. ಕೂದಲು ಕೆದರಿತ್ತು, ಕಾಲಿಗೆ ಒಂದೇ ಬೂಟಿತ್ತು. ಮೊದಲು ತಿರುಗಿ ಮೆಟ್ಟಿಲ ಕಡೆ ನೋಡಿದಿರಿ. ‘ಮೇಲೆ ಇನ್ಯಾರಾದ್ರೂ ಇದಾರಾ?’ ಎಂದು ಕೇಳಿದಿರಿ. ಆಗ ಮೆಟ್ಟಿಲ ಮೇಲೆ ಉಳಿದಿದ್ದವಳು ಅರ್ಜಿದಾರಳೊಬ್ಬಳೇ. ‘ನಿಧಾನ, ನಿಧಾನವಾಗಿ ಬನ್ನಿ, ಅವಸರ ಇಲ್ಲ’ ಎಂದಿರಿ. ಅದಕ್ಕೂ ಅರ್ಧ ಕ್ಷಣವೇ ಹಿಡಿಯಿತು. ವೇಗಕ್ಕೆ ಅಡ್ಡಿಯಾಯಿತೆಂದು ಈವರೆಗೆ ಯಾರೂ ದೂರು ಕೊಟ್ಟಿಲ್ಲ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದ, ಉಲ್ಲೇಖ ಒಂದರ ಆದೇಶವನ್ನು ಹಿಂಪಡೆದು ದಡಬಡನು ಮೊದಲಿನಂತೆಯೇ ತಿರುಗಿ ನೋಡಲು ಅಪ್ಪಣೆ ಕೊಡಬೇಕಾಗಿ ಪ್ರಾರ್ಥನೆ. ಅದು ಸಾಧ್ಯವೇ ಇಲ್ಲವಾದಲ್ಲಿ, ತಾವೇ ಖುದ್ದಾಗಿ ಸದರಿ ಸಹೋದರನನ್ನು ಕರೆದು, ಹಿಂದೆ ಬರುವವರನ್ನು ನೋಡದೆ ಓಡುವುದು ಹೇಗೆಂದು ಅವನಿಗೆ ಕಲಿಸಿಕೊಡತಕ್ಕದ್ದು. ಅರ್ಜಿದಾರಳಿಂದ ಅದು ಆಗದು. ಅವಳಿಗೆ ಅವನು ಹಾಗೆ ಇರುವುದೇ ಇಷ್ಟ.

ಬೂಟಿನ ವಿಷಯ ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಅಡಕಗಳು:
1. ಬಾಗಿಲ ಹಿಡಿಕೆ. ಸುಸ್ಥಿತಿಯಲ್ಲಿದೆ.
2. ತಮ್ಮ ಎಡಗಾಲಿನ ಬೂಟು. ಸದರಿ ಸಹೋದರನು ತಿರುಗಿ ಹೋಗಿ ಹುಡುಕಿ ತಂದದ್ದು.
3. ದಡಬಡನ ಎರಡು ಓಟಗಳು, ಒಂದು ನೋಟವಿರುವುದು, ಇನ್ನೊಂದು ಇಲ್ಲದ್ದು. ಎರಡನ್ನೂ ತಾವು ಲಾಟೀನಜ್ಜನಾಗಿ ಆಡಿ ನೋಡತಕ್ಕದ್ದು.
4. ನೆಲ ಒರೆಸುವ ಕೋಲು. ಸಂಬಂಧಪಟ್ಟವರು ಕೇಳುತ್ತಿದ್ದಾರೆ, ಕೂಡಲೇ ಹಿಂದಿರುಗಿಸುವುದು.

ವಿ.ಸೂ.: ಈ ಅರ್ಜಿಯನ್ನು ಅರ್ಜಿದಾರಳೇ ತಮ್ಮ ಕೊಠಡಿಗೆ ತಂದುಕೊಟ್ಟು, ತಾವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತಾಳೆ. ಅವಳನ್ನು ಮನೆಗೆ ಕರೆದೊಯ್ಯಲು ಸದರಿ ಸಹೋದರನು ಕೆಳಗೆ ಬೀದಿಯಲ್ಲಿ ಸಾಮಾನಿನ ವ್ಯಾನು ನಿಲ್ಲಿಸಿಕೊಂಡು, ಇಷ್ಟು ಹೊತ್ತಿಗೆ ಎರಡು ಸಲ ಹಾರನ್ ಹೊಡೆದು, ಕಿಟಕಿಯ ಕಡೆ ನೋಡುತ್ತಿರುತ್ತಾನೆ. ಅರ್ಜಿದಾರಳು ಬರುವುದು ತಡವಾದರೆ ಅವನು ಮೇಲೆ ಬರುತ್ತಾನೆ. ತಮ್ಮ ಕೊಠಡಿಗೆ ನಿನ್ನೆಯಷ್ಟೇ ಹೊಸ ಬಾಗಿಲು ಕೂರಿಸಲಾಗಿದೆ. ಆದಕಾರಣ, ಸಹಿ ಹಾಕಲು ಯೋಚಿಸುವುದಿದ್ದಲ್ಲಿ, ದಯವಿಟ್ಟು ಬಾಗಿಲು ತೆರೆದಿಟ್ಟುಕೊಂಡು ಯೋಚಿಸಬೇಕಾಗಿ ವಿನಂತಿ.