ಅನರ್ಹಗೊಂಡ ಹಸಿರು

ಪುಟ್ಟ ಕಾರುಗಳ ನಿಖರತಾ ಸಂಘದಲ್ಲಿ ನಲವತ್ತೊಂದು ಮಂದಿ ಸದಸ್ಯರಿದ್ದರು. ಅವರಲ್ಲಿ ಒಬ್ಬರಿಗೂ ದೊಡ್ಡ ಕಾರು ಇರಲಿಲ್ಲ. ಇದನ್ನು ಸಂಘ ಕೊರತೆಯೆಂದು ಭಾವಿಸಿರಲಿಲ್ಲ. ದೊಡ್ಡ ಕಾರು ಇದ್ದವರು ಅದರಲ್ಲಿ ಕೂತು ಎಲ್ಲಿಗಾದರೂ ಹೊರಟುಹೋಗುತ್ತಾರೆ, ನಿಖರತೆಗೆ ಬೇಕಾದ ವ್ಯವಧಾನ ಅವರಲ್ಲಿ ಉಳಿಯುವುದಿಲ್ಲ ಎಂದು ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಅಚ್ಚಾಗಿತ್ತು.

ಸಂಘದ ಕೆಲಸ ಸರಳವಾದದ್ದು. ಹಳೆಯ ಕಾಲದ ಸ್ಪೋರ್ಟ್ಸ್ ಕಾರುಗಳ ಪ್ಲಾಸ್ಟಿಕ್ ಕಿಟ್ಟುಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಸದಸ್ಯರು ಆ ಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಅಂಗೈಯಗಲದ ಕಾರು ಮಾಡಿ ತರುತ್ತಾರೆ. ನಿಖರತಾ ಸಮಿತಿ ಅದನ್ನು ಭೂತಗನ್ನಡಿಯಲ್ಲಿ ನೋಡಿ ತಪ್ಪು ಹುಡುಕುತ್ತದೆ. ಹಿಂದಿನ ವರ್ಷ ಒಂದು ಕಾರನ್ನು ಅದರ ಆಶ್‌ಟ್ರೇ ಚೊಕ್ಕಟವಾಗಿದೆ ಎಂಬ ಕಾರಣಕ್ಕೆ ತಿರಸ್ಕರಿಸಲಾಗಿತ್ತು. ಆ ಕಾಲದಲ್ಲಿ ಎಲ್ಲರೂ ಸೇದುತ್ತಿದ್ದರು ಎಂಬುದು ಸಮಿತಿಯ ಅಭಿಪ್ರಾಯ.

ಬಣ್ಣಕ್ಕೆ ಪ್ರತ್ಯೇಕ ನಿಯಮವಿತ್ತು. ನಿಯಮ ಹದಿನಾಲ್ಕು: ‘ಬಣ್ಣವನ್ನು ಸಂಘದ ಮೊದಲ ಮಹಡಿಯ ಕೊಠಡಿಯಲ್ಲಿ, ಕಿಟಕಿ ಮುಚ್ಚಿ, ಟ್ಯೂಬ್‌ಲೈಟಿನ ಕೆಳಗೆ, ಸಂಘದ ಕಾರ್ಡಿನೊಡನೆ ಹೋಲಿಸಿ ನೋಡತಕ್ಕದ್ದು. ಸೂರ್ಯನ ಬೆಳಕು ಹೊತ್ತಿಗೊಂದು ರೀತಿ ಇರುವುದರಿಂದ ಅದನ್ನು ನೆಚ್ಚತಕ್ಕದ್ದಲ್ಲ.’

ಈ ಸಂಘಕ್ಕೆ ಒಬ್ಬ ನಿವೃತ್ತ ಪೇಂಟರು ಹೊಸದಾಗಿ ಸೇರಿದರು. ಊರಿನ ಕಾರು ಫ್ಯಾಕ್ಟರಿ ಬಾಗಿಲು ಹಾಕುವ ತನಕ ಅವರು ಅಲ್ಲಿ ಸ್ಪ್ರೇ ಗನ್ ಹಿಡಿದವರು. ಉದ್ದ ಮೂಗಿನ, ಎರಡೇ ಸೀಟಿನ ಒಂದು ಸ್ಪೋರ್ಟ್ಸ್ ಕಾರನ್ನು ಆ ಫ್ಯಾಕ್ಟರಿ ಮಾಡುತ್ತಿತ್ತು. ಅದರಲ್ಲಿ ಹನ್ನೆರಡಕ್ಕೆ ಮಾತ್ರ ಹಸಿರು ಬಣ್ಣ. ಹನ್ನೆರಡಕ್ಕೂ ಬಣ್ಣ ಹೊಡೆದವರು ಇವರೇ. ಆ ಹಸಿರನ್ನು ಕಲಸಿದವರು ಅವರ ಹೆಂಡತಿ. ಬಣ್ಣ ಕಲಸುವ ಕೋಣೆಯಲ್ಲಿದ್ದ ಏಕೈಕ ಹೆಂಗಸು ಎಂದು ಇಡೀ ಫ್ಯಾಕ್ಟರಿ ಆಕೆಯನ್ನು ‘ಅಕ್ಕ’ ಎನ್ನುತ್ತಿತ್ತು. ಹಸಿರನ್ನು ‘ಅಕ್ಕನ ಹಸಿರು’ ಎನ್ನುತ್ತಿತ್ತು. ಕಾಗದಪತ್ರದಲ್ಲಿ ಮಾತ್ರ ಅದಕ್ಕೆ ಮ್ಯಾನೇಜರ ಹೆಸರಿತ್ತು. ಕಾಗದಪತ್ರಗಳು ಆಮೇಲೆ ಗೆದ್ದಲಿಗೆ ಹೋದದ್ದರಿಂದ ಮ್ಯಾನೇಜರ ಹೆಸರೂ ಉಳಿಯಲಿಲ್ಲ, ಅದೊಂದು ಸಮಾಧಾನ.

ಆ ವರ್ಷದ ಪ್ರದರ್ಶನದಲ್ಲಿ ಗೆದ್ದ ಪುಟ್ಟ ಕಾರನ್ನು ನಗರದ ವಸ್ತುಸಂಗ್ರಹಾಲಯ ತನ್ನ ಗಾಜಿನ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇಡುವುದೆಂದೂ, ಬಣ್ಣದ ಹೆಸರು ಬರೆದ ಚೀಟಿಯನ್ನು ಪಕ್ಕದಲ್ಲಿ ಅಂಟಿಸುವುದೆಂದೂ ಪ್ರಕಟಣೆ ಬಂತು.

“ಒಂದು ಚೀಟಿ ಆದ್ರೂ ಇರ್ಲಿ ಕಣ್ರೀ,” ಅಂದರು ಅಕ್ಕ. “ಅಕ್ಕನ ಹಸಿರು ಅಂತ. ಬೇರೇನೂ ಬೇಡ.”

ಮದುವೆಯಾದ ಮೇಲೆ ಆಕೆ ಬಾಯಿಬಿಟ್ಟು ಕೇಳಿದ ಎರಡನೇ ವಸ್ತು ಇದು. ಮೊದಲನೆಯದು ಪ್ರೆಶರ್ ಕುಕ್ಕರು.

ಪೇಂಟರು ಎಂಟು ತಿಂಗಳು ಕೂತು ಆ ಕಾರಿನ ಕಿಟ್ಟನ್ನು ಜೋಡಿಸಿದರು. ಬಣ್ಣದ ಕೆಲಸ ಅಡುಗೆಮನೆಯ ಕಿಟಕಿಯ ಬಳಿ ನಡೆಯಿತು. ಕಲಸಿದ್ದನ್ನು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದು, ಒಣಗಿಸಿ, ಅಕ್ಕ ಬೆಳಕಿಗೆ ಹಿಡಿಯುತ್ತಿದ್ದರು.

“ಕಪ್ಪು ಜಾಸ್ತಿ ಆಯ್ತು.”

“ಒಂದೇ ತೊಟ್ಟು ಹಾಕಿದ್ದು ಕಣೇ.”

“ಆ ಒಂದೇ ಜಾಸ್ತಿ. ಫ್ಯಾಕ್ಟರೀಲೂ ನೀವು ಹಿಂಗೇ. ಕೈ ದೊಡ್ಡದು, ಕಣ್ಣು ಚಿಕ್ಕದು.”

ಹತ್ತೊಂಬತ್ತು ಚಮಚ ಕೆಟ್ಟವು. ಇಪ್ಪತ್ತನೆಯದನ್ನು ಅಕ್ಕ ಬಹಳ ಹೊತ್ತು ನೋಡಿ, “ಇದು” ಎಂದಷ್ಟೇ ಹೇಳಿ ಒಲೆಯ ಮೇಲಿದ್ದ ಹಾಲು ಇಳಿಸಲು ಹೋದರು.

ಪರಿಶೀಲನೆಯ ದಿನ ಕಾರ್ಯದರ್ಶಿಗಳು ಬಿಳಿ ಕೈಗವಸು ತೊಟ್ಟು, ಕಾರನ್ನು ಟ್ಯೂಬ್‌ಲೈಟಿನ ಕೆಳಗಿಟ್ಟು, ಕಾರ್ಡನ್ನು ಪಕ್ಕದಲ್ಲಿಟ್ಟರು. ಆ ಕಾರ್ಡಿನ ಹಿನ್ನೆಲೆಯನ್ನು ಹೇಳುವುದು ಅಗತ್ಯ. ಕಾರ್ಯದರ್ಶಿಗಳ ಭಾವಮೈದುನರಿಗೆ ಕಿಟ್ ಅಂಗಡಿಯಿತ್ತು. ಅದರ ಗಾಜಿನ ಕಿಟಕಿಯಲ್ಲಿ ಈ ಕಾರಿನ ಜಾಹೀರಾತು ಇಪ್ಪತ್ತೆರಡು ವರ್ಷ ಬಿಸಿಲಿಗೆ ಒಡ್ಡಿಕೊಂಡು ತೂಗಾಡಿತ್ತು. ಬಣ್ಣ ಮಾಸಿದ ಆ ಜಾಹೀರಾತನ್ನು ನೋಡಿ ಕಾರ್ಡನ್ನು ತಯಾರಿಸಲಾಗಿತ್ತು. ಅದೇ ಅಂಗಡಿಯ ಕಪಾಟಿನಲ್ಲಿ, ಯಾರೂ ಕೊಳ್ಳದ ಯುದ್ಧನೌಕೆ ಕಿಟ್ಟುಗಳಿಗೆಂದು ತರಿಸಿದ್ದ ಬೂದುಬಣ್ಣದ ಪುಟ್ಟ ಸೀಸೆಗಳು ಬೇಕಾದಷ್ಟು ಉಳಿದಿದ್ದವು. ಕಾರ್ಡಿನ ಬಣ್ಣವೂ ಸೀಸೆಯ ಬಣ್ಣವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದ್ದನ್ನು ಸಂಘ ಒಂದು ಸುಯೋಗವೆಂದು ದಾಖಲಿಸಿತ್ತು.

“ಏನ್ರೀ ಇದು?” ಕಾರ್ಯದರ್ಶಿಗಳು ಕೇಳಿದರು.

“ಹಸಿರು ಸಾರ್.”

“ಹಸಿರು ಇಲ್ಲಿದೆ.” ಅವರು ಕಾರ್ಡಿನ ಮೇಲೆ ಬೆರಳಿಟ್ಟರು.

“ಅದು ಬೂದಿ ಬಣ್ಣ ಅಲ್ವಾ ಸಾರ್?”

“ಕೆಳಗೆ ಏನು ಬರೆದಿದೆ, ಓದಿ.”

“ಹಸಿರು ಅಂತ ಬರೆದಿದೆ.”

“ಮತ್ತೆ?”

ಪೇಂಟರು ಗಂಟಲು ಸರಿಮಾಡಿಕೊಂಡರು. “ಈ ಕಾರಿಗೆ ಫ್ಯಾಕ್ಟರೀಲಿ ಬಣ್ಣ ಹೊಡೆದವನೇ ನಾನು ಸಾರ್. ಕಲಸಿದ್ದು ನನ್ನ ಹೆಂಡ್ತಿ.”

“ಅದೇ ತೊಂದರೆ. ನೀವು ಸಂಬಂಧಪಟ್ಟವರು. ನಿಯಮ ಆರರ ಪ್ರಕಾರ ಸಂಬಂಧಪಟ್ಟವರ ಮಾತು ನಡೆಯಲ್ಲ.”

“ನಿಮ್ಮ ಭಾವಮೈದುನರು ಬಣ್ಣ ಮಾರ್ತಾರಲ್ಲ ಸಾರ್, ಸಮಿತೀಲೂ ಇದ್ದಾರೆ.”

“ಅವರು ತಜ್ಞರು,” ಅಂದರು ಕಾರ್ಯದರ್ಶಿಗಳು. ತಜ್ಞರು ಸೀಸೆಯೊಂದರ ಮುಚ್ಚಳವನ್ನು ತಿರುಗಿಸುತ್ತ ವಿನಯದಿಂದ ತಲೆ ಬಾಗಿಸಿದರು.

ಹನ್ನೆರಡು ಹಸಿರು ಕಾರುಗಳಲ್ಲಿ ಹನ್ನೊಂದು ಯಾವಾಗಲೋ ಹಾಳಾಗಿದ್ದವು. ಹನ್ನೆರಡನೆಯದು ಅದೇ ಊರಿನ ವಯಸ್ಸಾದ ಡಾಕ್ಟರಮ್ಮನ ಗ್ಯಾರೇಜಿನಲ್ಲಿ, ಅಕ್ಕನ ಹಸಿರಿನಲ್ಲೇ, ಒಂದು ಗೀರೂ ಇಲ್ಲದೆ ನಿಂತಿತ್ತು. ಅದನ್ನು ನೋಡಿದರೆ ಸಮಿತಿಗೆ ಎಲ್ಲವೂ ತಿಳಿಯುತ್ತದೆಂದು ಪೇಂಟರು ಅರ್ಜಿ ಕೊಟ್ಟರು. ಸಮಿತಿ ಒಪ್ಪಿತು. ಆದರೆ ನಿಯಮ ಹದಿನಾಲ್ಕರಂತೆ ಕಾರು ಮೊದಲ ಮಹಡಿಗೆ ಬರಬೇಕಿತ್ತು, ಮೆಟ್ಟಿಲು ಕಿರಿದು. ಆದಕಾರಣ ಕಾರಿನ ಎಡಗಡೆಯ ಬಾಗಿಲನ್ನು ಬಿಚ್ಚಿ ತರುವಂತೆ ನಿರ್ಣಯವಾಯಿತು. ಪೇಂಟರೇ ಸ್ಕ್ರೂ ಬಿಚ್ಚಿದರು. ಇಬ್ಬರು ಸದಸ್ಯರು ಅದಕ್ಕೆ ಕಂಬಳಿ ಸುತ್ತಿ, ರೋಗಿಯನ್ನು ಎತ್ತಿದ ಹಾಗೆ ಮೆಟ್ಟಿಲು ಹತ್ತಿಸಿ, ಮೇಜಿನ ಮೇಲೆ ಮಲಗಿಸಿದರು. ಕಿಟಕಿ ಮುಚ್ಚಲಾಯಿತು.

‘ಬಾಗಿಲು ಅನುತ್ತೀರ್ಣ,’ ಎಂದು ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದರು.

“ಸಾರ್, ಅದು ನಿಜವಾದ ಕಾರಿನ ಬಾಗಿಲು,” ಅಂದರು ಪೇಂಟರು.

“ಯಾರು ಇಲ್ಲ ಅಂದ್ರು? ನಿಜವಾದ್ದೇ. ತಪ್ಪಾಗಿದೆ, ಅಷ್ಟೆ.”

“ನಿಜವಾದ ಕಾರು ಹೇಗೆ ತಪ್ಪಾಗುತ್ತೆ? ಅದನ್ನ ನೋಡಿಕೊಂಡು ತಾನೇ ನಾವು ಚಿಕ್ಕದು ಮಾಡೋದು?”

“ಅದನ್ನ ಯಾಕ್ರೀ ನೋಡ್ಬೇಕು? ಕಾರ್ಡು ಯಾಕೆ ಇಟ್ಟಿದೀವಿ?” ಕಾರ್ಯದರ್ಶಿಗಳು ಗೋಡೆಯ ಗಾಜಿನ ಕಪಾಟಿನತ್ತ ತಿರುಗಿದರು. ಅಲ್ಲಿ ಸದಸ್ಯರು ಇದುವರೆಗೆ ಮಾಡಿ ಪ್ರಮಾಣಪತ್ರ ಪಡೆದಿದ್ದ ಇದೇ ಕಾರುಗಳು ಬೂದುಬಣ್ಣದಲ್ಲಿ ಸಾಲಾಗಿ ನಿಂತಿದ್ದವು. “ಎಣಿಸಿ. ಇಪ್ಪತ್ತೇಳು. ಇಪ್ಪತ್ತೇಳು ಕಾರು ಒಂದು ಬಣ್ಣ, ನಿಮ್ಮ ಡಾಕ್ಟರಮ್ಮಂದು ಒಂದೇ ಒಂದು ಬೇರೆ ಬಣ್ಣ. ಯಾವುದು ತಪ್ಪಿರಬಹುದು, ನೀವೇ ಹೇಳಿ.”

ಪೇಂಟರು ಕಪಾಟನ್ನು ನೋಡಿದರು, ಮೇಜಿನ ಮೇಲಿದ್ದ ಬಾಗಿಲನ್ನು ನೋಡಿದರು. ಟ್ಯೂಬ್‌ಲೈಟಿನಲ್ಲಿ ಬಾಗಿಲು ತಪ್ಪಿತಸ್ಥನ ಹಾಗೆ ಮಂಕಾಗಿಯೇ ಕಾಣುತ್ತಿತ್ತು.

ಎಂಟು ದಿನಗಳಲ್ಲಿ ಡಾಕ್ಟರಮ್ಮನಿಗೆ ಪತ್ರ ಹೋಯಿತು. ‘ತಮ್ಮ ವಶದಲ್ಲಿರುವ ವಾಹನವು ತನ್ನ ಮಾದರಿಗಳನ್ನು ಹೋಲದೆ ಇರುವುದು ಕಂಡುಬಂದಿದೆ. ಮೂವತ್ತು ದಿನಗಳೊಳಗೆ ಸರಿಪಡಿಸಿಕೊಳ್ಳದಿದ್ದಲ್ಲಿ, ಸದರಿ ವಾಹನವು ತಾನು ಅದೇ ಕಾರು ಎಂದು ಹೇಳಿಕೊಳ್ಳುವ ಹಕ್ಕನ್ನು ಕಳೆದುಕೊಳ್ಳತಕ್ಕದ್ದು.’

ಡಾಕ್ಟರಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. ಗ್ಯಾರೇಜನ್ನು ತೆರವು ಮಾಡಿ ಅಲ್ಲಿ ಮೊಣಕಾಲು ನೋವಿನವರಿಗೆ ವ್ಯಾಯಾಮದ ಕೋಣೆ ಕಟ್ಟಿಸಲು ಅವರು ಮೇಸ್ತ್ರಿಗೆ ಮಾತು ಕೊಟ್ಟಾಗಿತ್ತು. ಕಾರನ್ನು ವಸ್ತುಸಂಗ್ರಹಾಲಯಕ್ಕೆ ದಾನ ಮಾಡುವುದೆಂದು ನಿಶ್ಚಯವಾಗಿತ್ತು. ಸಂಗ್ರಹಾಲಯವೋ, ಸಂಘದ ಪ್ರಮಾಣಪತ್ರವಿಲ್ಲದ ಯಾವ ಕಾರನ್ನೂ, ಗಾತ್ರ ಯಾವುದೇ ಇರಲಿ, ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದಿತು. ಗುಜರಿಯವನು ಎರಡು ಸಲ ಬಂದು ಕಾರಿನ ಸುತ್ತ ಓಡಾಡಿ ಹೋಗಿದ್ದ.

“ನೀವೇ ಬಳಿದುಬಿಡಿ ಪೇಂಟರೇ,” ಅಂದರು ಡಾಕ್ಟರಮ್ಮ. “ಬೂದಿ ಬಳಿದರೆ ಉಳಿಯುತ್ತೆ. ಹಸಿರಾಗೇ ಇದ್ದರೆ ಇನ್ನೊಂದು ವಾರಕ್ಕೆ ಅದು ತಗಡು. ನಾನು ಎಷ್ಟೋ ಕಾಲು ಕತ್ತರಿಸಿ ಜೀವ ಉಳಿಸಿದೀನಿ. ಇದೂ ಹಾಗೇ ಅಂದ್ಕೊಳ್ಳಿ.”

ಪೇಂಟರು ಮನೆಗೆ ಬಂದು ವಿಷಯ ಹೇಳಿದಾಗ ಅಕ್ಕ ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿದ್ದ ಕಲ್ಲುಗಳನ್ನೆಲ್ಲ ಆರಿಸಿ ಮುಗಿಸಿದ ಮೇಲೆ ಕೇಳಿದರು.

“ಹಳೇದನ್ನ ಉಜ್ಜಿ ತೆಗೀಬೇಕಾ?”

“ಪದ್ಧತಿ ಪ್ರಕಾರ ಉಜ್ಜಬೇಕು.”

“ಉಜ್ಜಬೇಡಿ. ಮೇಲೇ ಹೊಡೀರಿ.”

“ಹಿಡಿಯಲ್ಲ ಕಣೇ. ಹತ್ತು ವರ್ಷಕ್ಕೆ ಸಿಪ್ಪೆ ಏಳುತ್ತೆ.”

“ಏಳ್ಲಿ,” ಅಂದರು ಅಕ್ಕ.

ಸಂಘ ಇನ್ನೊಂದು ಷರತ್ತು ಹಾಕಿತು. ಮಾನ್ಯತೆ ಪಡೆದ ಬಣ್ಣವನ್ನೇ ಬಳಸಬೇಕು. ಮಾನ್ಯತೆ ಪಡೆದ ಬಣ್ಣ ಪುಟ್ಟ ಸೀಸೆಗಳಲ್ಲಿ ಮಾತ್ರ ಬರುತ್ತದೆ. ಬೆರಳುದ್ದದ ನಾನೂರ ಹನ್ನೆರಡು ಸೀಸೆಗಳು ಭಾವಮೈದುನರ ಕಪಾಟಿನಿಂದ ನೇರವಾಗಿ ಡಾಕ್ಟರಮ್ಮನ ಗ್ಯಾರೇಜಿಗೆ ಬಂದವು. ಯುದ್ಧನೌಕೆಯ ದಾಸ್ತಾನು ಅಲ್ಲಿಗೆ ಮುಗಿಯಿತು. ಅಕ್ಕ ಒಂದು ಕುರ್ಚಿಯಲ್ಲಿ ಕೂತು, ಇಕ್ಕಳದಿಂದ ಒಂದೊಂದೇ ಮುಚ್ಚಳ ಬಿಚ್ಚಿ ಬಕೆಟ್ಟಿಗೆ ಸುರಿದರು. ನಡುವೆ ಒಮ್ಮೆ ಬಕೆಟ್ಟಿನೊಳಗೆ ಇಣುಕಿ, “ಕಲಸೋಕೆ ಏನೂ ಇಲ್ಲ ಇದರಲ್ಲಿ,” ಅಂದರು. ಪೇಂಟರು ಎಡಗಡೆಯ ಬಾಗಿಲನ್ನು ಮತ್ತೆ ಕೂರಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೂಗಿನಿಂದ ಶುರುಮಾಡಿ, ಬಾಲದ ತನಕ ಒಂದೇ ಸಮನೆ ಹೊಡೆದರು. ಕೆಲಸ ಸೊಗಸಾಗಿತ್ತು. ಕೆಟ್ಟದಾಗಿ ಮಾಡಲು ಅವರ ಕೈಗೆ ಬರುತ್ತಿರಲಿಲ್ಲ.

ಪೆಟ್ರೋಲ್ ಮುಚ್ಚಳ ಎತ್ತಿ ಅದರ ಒಳಗೆ ಗನ್ ತಿರುಗಿಸಿದಾಗ ಅಕ್ಕ ಕುರ್ಚಿಯಿಂದಲೇ, “ಅದನ್ನ ಬಿಡಿ,” ಅಂದರು. ಅವರು ಬಿಟ್ಟರು.

ಪ್ರದರ್ಶನ ವಿಜೃಂಭಣೆಯಿಂದ ನಡೆಯಿತು. ಫ್ಯಾಕ್ಟರಿಯ ಹಳೆಯ ಫೋರ್‌ಮನ್ನರನ್ನು ಕರೆಸಿ ವೇದಿಕೆಯ ಮೇಲೆ ಕೂರಿಸಲಾಯಿತು. ಅವರು ಡಾಕ್ಟರಮ್ಮನ ಬೂದುಬಣ್ಣದ ಕಾರನ್ನು ಸವರಿ, “ಇದೇ, ಇದೇ. ಈ ಹಸಿರು ಮರೆಯೋಕೆ ಆಗುತ್ತಾ?” ಎಂದು ಕಣ್ಣೊರೆಸಿಕೊಂಡರು. ಆಮೇಲೆ ಪೇಂಟರ ಹತ್ತಿರ ಬಂದು, “ಮಧ್ಯಾಹ್ನದ ಊಟ ಚೆನ್ನಾಗಿತ್ತು ಕಣಯ್ಯಾ,” ಅಂದರು. ಮೊದಲ ಬಹುಮಾನ, ಗಾಜಿನ ಪೆಟ್ಟಿಗೆ ಮತ್ತು ಚೀಟಿ ಕಾರ್ಯದರ್ಶಿಗಳ ಬೂದುಬಣ್ಣದ ಪುಟ್ಟ ಕಾರಿಗೆ ಸಂದವು. ಪೇಂಟರ ಹಸಿರು ಕಾರನ್ನು ‘ಮಕ್ಕಳ ಹಾಗೂ ಕಲ್ಪನಾ ವಿಭಾಗ’ಕ್ಕೆ ವರ್ಗಾಯಿಸಿ, ಸಮಾಧಾನಕರ ಬಹುಮಾನವಾಗಿ, ಗ್ಯಾರೇಜಿನಲ್ಲಿ ಬಿಚ್ಚದೆ ಉಳಿದಿದ್ದ ಒಂದು ಸೀಸೆ ಬೂದುಬಣ್ಣವನ್ನು ಕೊಡಲಾಯಿತು. ಅವರು ಕೈಮುಗಿದು ತೆಗೆದುಕೊಂಡರು.

ಎರಡು ತಿಂಗಳ ನಂತರ ಸಂಗ್ರಹಾಲಯದಿಂದ ಸಂಘಕ್ಕೆ ವರದಿ ಬಂತು: ‘ದಾನವಾಗಿ ಬಂದ ದೊಡ್ಡ ಕಾರಿನ ಪೆಟ್ರೋಲ್ ಮುಚ್ಚಳದ ಒಳಭಾಗದಲ್ಲಿ ಹಸಿರುಬಣ್ಣದ ಮಚ್ಚೆಯೊಂದು ಕಂಡುಬಂದಿದ್ದು, ಒರೆಸಿದರೂ ಹೋಗಿರುವುದಿಲ್ಲ.’

ಸಮಿತಿ ತುರ್ತಾಗಿ ಸೇರಿತು. ಪೇಂಟರನ್ನೂ ಕರೆಸಿದರು. ಕುಂಚದಲ್ಲಿ ಒಂದು ತೊಟ್ಟು ಬೂದಿ ಹಚ್ಚಿ ಮಚ್ಚೆಯನ್ನು ಅಳಿಸುವ ಕೆಲಸ ತಮ್ಮ ತಲೆಗೇ ಬರುತ್ತದೆಂದು ಅವರು ಬಹುಮಾನದ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದರು.

ಕಾರ್ಯದರ್ಶಿಗಳು ಗಂಭೀರವಾಗಿದ್ದರು. “ಕಾರಿಗೆ ಪ್ರಮಾಣಪತ್ರ ಕೊಟ್ಟಾಗಿದೆ. ಕೊಟ್ಟ ಮೇಲೆ ಕಾರಿನಲ್ಲಿ ತಪ್ಪಿರೋಕೆ ಸಾಧ್ಯವಿಲ್ಲ. ಆದ್ದರಿಂದ ಮಚ್ಚೆ ಸರಿಯಾಗಿದೆ. ತಪ್ಪಿರೋದು ನಮ್ಮ ಇಪ್ಪತ್ತೇಳು ಕಾರುಗಳಲ್ಲಿ. ಅವುಗಳಿಗೆ ಮಚ್ಚೆ ಇಲ್ಲ.”

ಅಲ್ಲೇ ನಿಯಮ ಮೂವತ್ತೊಂದು ಜಾರಿಗೆ ಬಂತು: ‘ಸದಸ್ಯರೆಲ್ಲರೂ ತಮ್ಮ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ ಹಸಿರು ಮಚ್ಚೆಯನ್ನು ಇಡತಕ್ಕದ್ದು. ಮಚ್ಚೆಯ ಬಣ್ಣವು ಮೂಲ ಮಚ್ಚೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇರತಕ್ಕದ್ದು.’

ಮರುದಿನ ಬೆಳಗ್ಗೆ ಭಾವಮೈದುನರು ಖಾಲಿ ಸೀಸೆಗಳ ಒಂದು ಚೀಲ ಹೊತ್ತುಕೊಂಡು ಪೇಂಟರ ಮನೆಗೆ ಬಂದರು.

“ಅಕ್ಕಾ, ಈ ಮಚ್ಚೆ ಬಣ್ಣ ನಿಮಗೆ ಮಾತ್ರ ಗೊತ್ತಂತೆ. ಎಲ್ಲಾ ಕಡೆ ಹುಡುಕಿದೆ, ಯಾರ ಹತ್ರಾನೂ ಇಲ್ಲ.”

“ಎಷ್ಟು ಬೇಕು?”

“ಸದ್ಯಕ್ಕೆ ನಲವತ್ತೊಂದು.”

“ಸೀಸೆ ಮೇಲೆ ಚೀಟಿ ಇರುತ್ತಾ?”

“ಇರಲೇಬೇಕಲ್ಲ. ನಿಯಮ.”

“ನನ್ನ ಹೆಸರು ಹಾಕ್ತೀರಾ?”

ಭಾವಮೈದುನರು ಸ್ವಲ್ಪ ಯೋಚಿಸಿದರು. ಇದರಲ್ಲಿ ನಷ್ಟವೇನೂ ಅವರಿಗೆ ಕಾಣಲಿಲ್ಲ.

ಅಕ್ಕ ಅಡುಗೆಮನೆಯ ಕಿಟಕಿಯ ಬಳಿ ಕೂತು ಕಲಸಿದರು. ಪೇಂಟರು ತೊಟ್ಟು ಹಾಕಿದರು, ಬೈಸಿಕೊಂಡರು. ಈ ಸಲ ಹದಿನಾಲ್ಕು ಚಮಚ ಕೆಟ್ಟವು. ವಾರದೊಳಗೆ ಸದಸ್ಯರೆಲ್ಲ ಸೂಜಿಯ ತುದಿಯಿಂದ ತಮ್ಮ ಬೂದುಬಣ್ಣದ ಕಾರುಗಳಿಗೆ ಮಚ್ಚೆ ಇಟ್ಟರು. ಸಮಿತಿ ಕಿಟಕಿ ಮುಚ್ಚಿ, ಭೂತಗನ್ನಡಿ ಹಿಡಿದು, ಎಲ್ಲವೂ ನಿಖರವಾಗಿವೆ ಎಂದು ದಾಖಲಿಸಿತು. ಸಂಗ್ರಹಾಲಯದವರೂ ಒಂದು ಸೀಸೆ ಕೊಂಡು, ದೊಡ್ಡ ಕಾರಿನ ಪಕ್ಕದಲ್ಲಿ ಗಾಜಿನ ಕೆಳಗೆ ಇಟ್ಟರು.

ಪೇಂಟರು ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದರು. ಅಕ್ಕ ಕನ್ನಡಕ ಏರಿಸಿ, ಬಗ್ಗಿ, ಚೀಟಿಯನ್ನು ಎರಡು ಸಲ ಓದಿದರು. ‘ಅಕ್ಕನ ಮಚ್ಚೆ’ ಎಂದು ಅಚ್ಚಾಗಿತ್ತು. ಆಮೇಲೆ ಸೀಸೆಯನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ನೋಡಿದರು.

“ಚೀಟಿ ಸ್ವಲ್ಪ ಸೊಟ್ಟ ಅಂಟಿಸಿದಾರೆ,” ಅಂದರು. “ಬಣ್ಣ ಸರಿಯಾಗಿದೆ.”