ಅರ್ಧ ನಿಮಿಷ ಎಳೆತ, ಐದು ನಿಮಿಷ ವಿಶ್ರಾಂತಿ

ಜುಂಜೇಶನ ಮನೆಯಲ್ಲಿ ದಣಿಯುವ ಹಕ್ಕು ಎಲ್ಲಕ್ಕೂ ಇತ್ತು, ಜುಂಜೇಶನಿಗೆ ಮಾತ್ರ ಇರಲಿಲ್ಲ. ಮಿಕ್ಸಿ ಬಿಸಿಯಾದರೆ ಹೆಂಡತಿ ರಂಜಿತಾ, "ಪಾಪ, ಸ್ವಲ್ಪ ಹೊತ್ತು ಬಿಡಾಣ" ಎನ್ನುತ್ತಿದ್ದಳು. ಮೊಬೈಲು ಬಿಸಿಯಾದರೆ ಫ್ಯಾನಿನ ಕೆಳಗೆ ಮಲಗಿಸುತ್ತಿದ್ದಳು. ವಾರಕ್ಕೆ ಆರು ದಿನ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ಜೊತೆ ಹೆಣಗಿ ಬರುವ ಗಂಡನನ್ನು ಕಂಡಾಗ ಮಾತ್ರ, "ಬಂದ್ರಾ? ಸಿಲಿಂಡರ್ ಖಾಲಿಯಾಗೈತೆ, ಬದಲಾಯಿಸ್ರಿ" ಎಂಬ ಸ್ವಾಗತ.

ಇಂಥ ಪರಿಸ್ಥಿತಿಯಲ್ಲಿ ಗಂಡಸಾದವನು ಏನಾದರೊಂದನ್ನು ಹಿಡಿಯುತ್ತಾನೆ. ಕೆಲವರು ಇಸ್ಪೀಟು ಹಿಡಿಯುತ್ತಾರೆ, ಕೆಲವರು ಗಡ್ಡ ಬಿಟ್ಟು ಮಠ ಹಿಡಿಯುತ್ತಾರೆ. ಜುಂಜೇಶ ಜೀಪು ಹಿಡಿದ. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಅವನಿಗಿಂತ ಎರಡೇ ವರ್ಷ ಚಿಕ್ಕದಾದ ಜೀಪು. ಬಣ್ಣ ಹೊಸದು, ಬ್ಯಾಟರಿ ಹಳೆಯದು. (ಅವನ ವಿಷಯದಲ್ಲೂ ಅಷ್ಟೇ ಎಂದು ರಂಜಿತಾ ಒಮ್ಮೆ ಹೇಳಿದ್ದಳು.) ಆಮೇಲೆ ಅದರ ಮುಂದಿನ ಬಂಪರಿಗೆ ಒಂದು ವಿಂಚ್ ಕೂರಿಸಿದ. ವಿಂಚ್ ಎಂದರೆ ಉಕ್ಕಿನ ಹಗ್ಗ ಸುತ್ತಿಕೊಂಡ, ಬ್ಯಾಟರಿಯ ಕರೆಂಟಿನಿಂದ ತಿರುಗುವ ರಾಟೆ. ಹಳ್ಳದಲ್ಲಿ ಹೂತ ಗಾಡಿಗೆ ಕೊಕ್ಕೆ ಹಾಕಿ ಗುಂಡಿ ಒತ್ತಿದರೆ ಸಾಕು, ಎಳೆದು ದಡಕ್ಕೆ ಹಾಕುತ್ತದೆ.

ಅಂದಿನಿಂದ ಮನೆಯಲ್ಲಿ ಪ್ರವಚನ ಶುರುವಾಯಿತು. ರಂಜಿತಾ ಮುದ್ದೆ ತೊಳಸುವಾಗ, ಬಟ್ಟೆ ಮಡಚುವಾಗ, ತಲೆ ಬಾಚುವಾಗ ಜುಂಜೇಶ ಎದುರಿಗೆ ನಿಂತು ಬೋಧಿಸುತ್ತಿದ್ದ.

"ವಿಂಚು ಕರೆಂಟನ್ನ ನೀರು ಕುಡಿದಂಗೆ ಕುಡಿತೈತೆ. ಅದಕ್ಕೇ ಎಂಜಿನ್ ಓಡ್ತಾನೇ ಇರಬೇಕು, ಆಕ್ಸಿಲರೇಟರ್ ಸ್ವಲ್ಪ ತುಳಿದಿರಬೇಕು. ಲೈಟು, ಹಾರನ್ನು, ಹಾಡು ಎಲ್ಲ ಬಂದ್. ಅರ್ಧ ನಿಮಿಷ ಎಳೆದ್ರೆ ಐದು ನಿಮಿಷ ರೆಸ್ಟ್."

"ಯಾರಿಗೆ?"

"ಬ್ಯಾಟರಿಗೆ ಕಣೇ."

"ಪುಣ್ಯ ಮಾಡೈತೆ ಬಿಡ್ರಿ" ಎಂದು ಅವಳು ಬಾಚಣಿಗೆಯ ಕೂದಲು ತೆಗೆಯುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಎಂಬುದು ಅವಳ ಮುಖದಲ್ಲಿ ಎಂದೂ ತಿಳಿಯುತ್ತಿರಲಿಲ್ಲ.

ನಾಲ್ಕು ತಿಂಗಳಲ್ಲಿ ಆ ವಿಂಚು ಎಳೆದದ್ದು ಒಂದೇ ಒಂದು, ಪಕ್ಕದ ಮನೆಯವರ ನುಗ್ಗೆ ಮರದ ಕೊಂಬೆ. ಅದು ಮುರಿದು ಅವರದೇ ನೀರಿನ ತೊಟ್ಟಿಯ ಮೇಲೆ ಬಿತ್ತು. ಅವತ್ತು ರಂಜಿತಾ ಅಂತಿಮ ತೀರ್ಪು ಕೊಟ್ಟಳು: "ಈ ತಿಂಗಳು ಮುಗಿಯೋದ್ರಾಗೆ ಇದು ಯಾರಿಗಾದ್ರೂ ಒಂದು ಉಪಕಾರ ಮಾಡ್ಬೇಕು. ಇಲ್ಲಾಂದ್ರೆ ಜೀಪು ಮಾರ್ರಿ. ಬಟ್ಟೆ ಒಣಗಾಕೋಕೆ ಜಾಗನಾದ್ರೂ ಸಿಗ್ತೈತೆ."

ತಿಂಗಳ ಕೊನೆಯ ಭಾನುವಾರವೂ ಬಂತು. ಮಾರನೆಯ ದಿನ ಜೀಪು ನೋಡಲು ಒಬ್ಬರು ಬರುವವರಿದ್ದರು. ಜುಂಜೇಶ ಬಂಪರನ್ನು ಕೊನೆಯ ಸಲವೆಂಬಂತೆ ಒರೆಸುತ್ತಿದ್ದಾಗ ಫೋನು ಬಡಿದುಕೊಂಡಿತು. ಮಾವ ಚಿತ್ತಯ್ಯ. ಆದಿವಾಲದ ಆಚೆಯ ಹಟ್ಟಿಯಲ್ಲಿ ಕುರಿ ಸಾಕಿಕೊಂಡು, ಒಂದು ಸಣ್ಣ ಲಗೇಜು ಗಾಡಿ ಇಟ್ಟುಕೊಂಡಿದ್ದವರು.

"ಅಳಿಯಂದ್ರೇ, ಗಾಡಿ ಹೂತ್ಕಂಡೈತೆ. ಕುರಿಗೊಬ್ಬರ ತುಂಬ್ಕಂಡು ಆದಿವಾಲದ ದಾಳಿಂಬೆ ತೋಟಕ್ಕೆ ಹೊಂಟಿದ್ದೆ. ಮಳೆ ಬಂದು ಎರೆ ಹೊಲ ಅಂಟಾಗೈತೆ. ಟ್ರಾಕ್ಟರಿನೋರೆಲ್ಲ ಮದುವೆಗೆ ಹೋಗವ್ರೆ."

ಮಾವನ ಗಾಡಿ ಹೂತದ್ದಕ್ಕೆ ಯಾವ ಅಳಿಯನೂ ಇಷ್ಟು ಸಂತೋಷಪಟ್ಟಿರಲಾರ. "ಗಾಬರಿಯಾಗಬೇಡ್ರಿ ಮಾವ, ನಾನಿದ್ದೀನಿ!" ಎಂದು ಕೂಗಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಅವಳು ಹಾಡು ಹಾಕಿ ಎಂದಳು. "ಬ್ಯಾಟರಿ" ಎಂದ. ಮೊಬೈಲು ಚಾರ್ಜಿಗೆ ಹಾಕ್ಲಾ ಎಂದಳು. "ಬ್ಯಾಟರಿ!" ಎಂದ. ಹಿರಿಯೂರು ದಾಟುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಗಾಡಿ ನಿಜಕ್ಕೂ ಅಚ್ಚಿನ ಮಟ್ಟ ಹೂತಿತ್ತು. ಬದುವಿನ ಮೇಲೆ ಕೂತಿದ್ದ ಅತ್ತೆ ಓಬವ್ವ ಎದ್ದು ಸೆರಗು ಸರಿಮಾಡಿಕೊಂಡರು. ಜುಂಜೇಶ ಜೀಪನ್ನು ಗಟ್ಟಿ ರಸ್ತೆಯ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಓಡುತ್ತಿರುವಂತೆಯೇ ಹಗ್ಗ ಎಳೆದು ತಂದು ಮಾವನ ಗಾಡಿಗೆ ಕೊಕ್ಕೆ ಹಾಕಿದ. ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿತ್ತು. ಇನ್ನೊಂದು ಶಾಸ್ತ್ರ ಉಳಿದಿತ್ತು. ಬಿಗಿದ ಹಗ್ಗ ಅಕಸ್ಮಾತ್ ಕಿತ್ತರೆ ಚಾಟಿಯಂತೆ ಬೀಸಿ ಬರುತ್ತದೆ, ಅದಕ್ಕೆ ಮೇಲೆ ಏನಾದರೂ ಭಾರವಾದದ್ದು ಹೊದಿಸಬೇಕು. ಅವನ ಕಣ್ಣು ಮಾವನ ಹೆಗಲ ಮೇಲಿನ ಕರಿ ಕಂಬಳಿಯ ಮೇಲೆ ಬಿತ್ತು.

"ಮಾವ, ಆ ಕಂಬಳಿ ಹಗ್ಗದ ಮೇಲೆ ಹಾಸ್ರಿ."

ಚಿತ್ತಯ್ಯ ಹೆಂಡತಿಯ ಮುಖ ನೋಡಿದರು. "ಹಾಸಾಕೇನು, ಹಾಸಾಣ. ಆದ್ರೆ ಕಂಬಳಿ ಹಾಸಿದ ಮ್ಯಾಲೆ ಪೂಜೆ ಮಾಡ್ದೆ ಕೆಲ್ಸಕ್ಕೆ ಕೈ ಹಚ್ಚಂಗಿಲ್ಲ ಅಳಿಯಂದ್ರೇ. ನಮ್ಮಲ್ಲಿ ಹಾಸಿದ ಕಂಬಳಿ ಅಂದ್ರೆ ದೇವ್ರ ಗದ್ದುಗೆ" ಎನ್ನುತ್ತ ಹಗ್ಗದ ಮೇಲೆ ಹಾಸಿದರು.

"ಅದೂ ಹೊಸ ಮಿಷನ್ನಿನ ಮೊದಲ್ನೇ ಕೆಲ್ಸ" ಎಂದ ಓಬವ್ವ ಕೂಗಳತೆಯ ಮನೆಗೆ ಹೋಗಿ ತಟ್ಟೆ, ಭಂಡಾರ, ಕುಂಕುಮ, ಕಾಯಿ, ಊದುಬತ್ತಿಯೊಂದಿಗೆ ಬಂದರು. ಬಂದವರೇ ಮೂಗಿಗೆ ಸೆರಗು ಹಿಡಿದರು. "ಅದನ್ನ ಆರಿಸ್ರಿ. ಅಷ್ಟು ಹೊಗೆ ಮುಂದೆ ಊದುಬತ್ತಿ ಹಚ್ಚಾದಾ?"

ಜುಂಜೇಶ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ರಂಜಿತಾ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ರೀ, ಓಡ್ತಾನೇ ಇರಬೇಕು ಅಂದಿದ್ರಿ."

"ಅದು ಎಳೆಯುವಾಗ. ನಂಗೊತ್ತೈತೆ, ನೀನು ಸುಮ್ಕಿರು."

"ಕಣ್ಣು ಮುಚ್ಕಂಡಿರೋ ಗಾಡಿಗೆ ಹೆಂಗೆ ಆರತಿ ಬೆಳಗಾದು? ಲೈಟು ಹಾಕ್ರಿ" ಎಂದರು ಓಬವ್ವ. ಹಾಕಿದ. ಜೀಪಿನ ತಲೆಯ ಮೇಲೆ ಎರಡು ದೊಡ್ಡ ದೀಪ ಕೂರಿಸಿದ್ದು ನೆನಪಾಗಿ, ಕೇಳದಿದ್ದರೂ ಅವನ್ನೂ ಹಾಕಿದ. ನೆಗಡಿಯಿಂದ ಅತ್ತೆಯ ಗಂಟಲು ಕಟ್ಟಿದ್ದರಿಂದ ದೇವರ ಹಾಡು ಜೀಪಿನ ಸ್ಪೀಕರಿನಲ್ಲಿ ಮೊಳಗಿತು. ಮೂರು ಸಲ ಹಾರನ್ನು. "ಆ ರಾಟೆನೂ ಒಂದು ಸುತ್ತು ತಿರುಗ್ಸ್ರಿ, ದೇವ್ರು ನೋಡ್ಲಿ" ಎಂದಾಗ ಜುಂಜೇಶನಿಗೆ ಎದೆಯುಬ್ಬಿ ಬಂದು, ಒಂದರ ಬದಲು ಹಿಂದಕ್ಕೂ ಮುಂದಕ್ಕೂ ನಾಲ್ಕು ಸುತ್ತು ತಿರುಗಿಸಿದ. ಅಳಿಯನ ಯಂತ್ರಕ್ಕೆ ಅತ್ತೆಮನೆಯವರು ಕುಂಕುಮವಿಟ್ಟು ಗೌರವಿಸುವುದು ದಿನಾ ಉಂಟೆ? ಓಬವ್ವ ನೆನೆಯಬೇಕಾದ ದೇವರುಗಳು ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆವರೆಗೂ ಹರಡಿಕೊಂಡಿದ್ದರು. ಎಲ್ಲರನ್ನೂ ನೆನೆದು ಕಾಯಿ ಒಡೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು, ಹಾಡಿನ ದನಿ ದಪ್ಪಗಾಗಿ ಎಮ್ಮೆ ಹಾಡಿದಂತೆ ಕೇಳುತ್ತಿತ್ತು.

ಜುಂಜೇಶ ಕೀಲಿ ತಿರುಗಿಸಿದ. 'ಟಕ್' ಎಂದಿತು. ಮತ್ತೆ ತಿರುಗಿಸಿದ. 'ಟ' ಎಂದಿತು, 'ಕ್' ಎನ್ನುವಷ್ಟೂ ಶಕ್ತಿ ಉಳಿದಿರಲಿಲ್ಲ.

"ಪೂಜೆ ಆದ್ಮೇಲೆ ಭಕ್ತಿ ಜಾಸ್ತಿ ಆತೇನಪ್ಪ" ಎಂದರು ಚಿತ್ತಯ್ಯ. "ಏಳಾಕೇ ಒಲ್ಲದಲ್ಲ."

ಈಗ ಹೊಲದಲ್ಲಿ ಹೂತ ಗಾಡಿ ಒಂದು, ರಸ್ತೆಯಲ್ಲಿ ಸತ್ತ ಗಾಡಿ ಒಂದು, ಎರಡಕ್ಕೂ ನಡುವೆ ಪೂಜೆ ಮಾಡಿದ ಹಗ್ಗ. ಜುಂಜೇಶ ಬಾನೆಟ್ಟು ಎತ್ತಿ, ಏನೋ ತಿಳಿದವನಂತೆ ಬಹಳ ಹೊತ್ತು ಒಳಗೆ ನೋಡಿದ. ನಾಳೆ ಜೀಪು ನೋಡಲು ಬರುವವರ ಮುಖ ಅಲ್ಲಿ ಕಂಡಿತು. ಇನ್ನೊಂದು ಬ್ಯಾಟರಿಯಿಂದ ಕರೆಂಟು ಎರವಲು ಪಡೆಯುವ ದಪ್ಪ ವೈರುಗಳು ಅವನ ಬಳಿ ಇದ್ದವು. ದುರ್ಗದ ಮನೆಯ ಅಟ್ಟದ ಮೇಲೆ.

"ಸರಿರಿ ಆ ಕಡೆ" ಎಂದ ರಂಜಿತಾ ಸೀಟಿನ ಕೆಳಗಿಂದ ಹಳೇ ಸೀರೆಯ ಗಂಟೊಂದನ್ನು ಎಳೆದು ಬಿಚ್ಚಿದಳು. ಒಳಗೆ ಅವೇ ವೈರುಗಳು. "ಅಟ್ಟದ ಮ್ಯಾಲಿಂದ ತಂದು ನಾನೇ ಇಟ್ಟಿದ್ದೆ. ನಾಲ್ಕು ತಿಂಗ್ಳು ಪಾಠ ಹೇಳಿದ್ರಲ್ಲ, ಗ್ವಾಡೆಗೆ ಹೇಳಿದ್ರಾ? ಅಪ್ಪಯ್ಯ, ನಿನ್ನ ಗಾಡಿ ಬ್ಯಾಟರಿ ಬಿಚ್ಚು. ಇವ್ರು ಹೊತ್ಕಂಡು ಬರ್ತಾರೆ."

ಮೊಣಕಾಲುದ್ದದ ಕೆಸರಿನಲ್ಲಿ ಜುಂಜೇಶ ಬ್ಯಾಟರಿ ಹೊತ್ತು ತಂದ. "ಕೆಂಪಿಗೆ ಕೆಂಪು, ಕರಿದಕ್ಕೆ ಕರಿದು" ಎಂದು ಅವಳು ಅವನದೇ ದನಿಯಲ್ಲಿ ಬೋಧಿಸಿದಳು. ಜೀಪು ಕೆಮ್ಮಿ, ಉಗುಳಿ, ಎದ್ದಿತು. ಬ್ಯಾಟರಿಯನ್ನು ಹೊತ್ತು ಮತ್ತೆ ಮಾವನ ಗಾಡಿಗೆ ಮುಟ್ಟಿಸಿದ. ವಾಪಸು ಬಂದಾಗ ಸ್ಟೀರಿಂಗಿನ ಮುಂದೆ ರಂಜಿತಾ ಕೂತಿದ್ದಳು. ಅಪ್ಪನ ಲಗೇಜು ಗಾಡಿಯಲ್ಲೇ ಡ್ರೈವಿಂಗ್ ಕಲಿತವಳು. ಲೈಟು ಬಂದ್, ಹಾಡು ಬಂದ್, ಆಕ್ಸಿಲರೇಟರ್ ಹದವಾಗಿ ತುಳಿದು, ವಿಂಚಿನ ಗುಂಡಿ ಒತ್ತಿದಳು. ಗಾಡಿ ಒಂದು ಮಾರು ಕದಲಿತು. ಗುಂಡಿ ಬಿಟ್ಟಳು.

"ಐದು ನಿಮಿಷ ರೆಸ್ಟ್."

"ಅಬ್ಬಾ!" ಎಂದು ಜುಂಜೇಶ ಬದುವಿನ ಮೇಲೆ ಕುಸಿದ.

"ನಿಮಗಲ್ಲ ರೀ, ಬ್ಯಾಟರಿಗೆ. ಅಷ್ಟರಾಗೆ ನೀವೊಂದು ಹತ್ತು ಪುಟ್ಟಿ ಗೊಬ್ಬರ ಇಳಿಸ್ರಿ, ಗಾಡಿ ಹಗುರಾಗ್ಲಿ."

ಅರ್ಧ ನಿಮಿಷ ವಿಂಚು ಎಳೆಯಿತು, ಐದು ನಿಮಿಷ ಜುಂಜೇಶ ಹೊತ್ತ. ಮಳೆಯಲ್ಲಿ ನೆನೆದ ಕುರಿಗೊಬ್ಬರ ಪುಟ್ಟಿಯ ಸಂದಿನಿಂದ ನೆತ್ತಿಗೆ, ನೆತ್ತಿಯಿಂದ ಕಾಲರಿನೊಳಕ್ಕೆ ನಿಧಾನವಾಗಿ ಇಳಿಯಿತು. ಮಾವ ಸೊಂಟ ಹಿಡಿದುಕೊಂಡು ಪುಟ್ಟಿ ತುಂಬಿ ಕೊಡುತ್ತಿದ್ದರು. ಏಳನೆಯ ಎಳೆತಕ್ಕೆ ಗಾಡಿ ರಸ್ತೆಗೆ ಬಂತು. ಇಳಿಸಿದ ಗೊಬ್ಬರ ಹೊಲದಲ್ಲೇ ಇತ್ತು. ಅದೂ ಬಂತು, ಅವನ ತಲೆಯ ಮೇಲೆಯೇ.

ಕೊನೆಯ ಪುಟ್ಟಿ ಸುರಿದಾಗ ರಂಜಿತಾ ಹೇಳಿದಳು: "ಜೀಪು ಮಾರಾದು ಬ್ಯಾಡ ಬಿಡ್ರಿ. ಒಳ್ಳೇ ಉಪಯೋಗಕ್ಕೆ ಬರ್ತೈತೆ."

ಜುಂಜೇಶನ ಕಣ್ಣಲ್ಲಿ ನೀರು ಬಂತು. (ಅರ್ಧ ಸಂತೋಷಕ್ಕೆ, ಅರ್ಧ ಗೊಬ್ಬರಕ್ಕೆ.)

"ಹೂಂ ಮತ್ತೆ" ಎಂದರು ಚಿತ್ತಯ್ಯ. "ಮುಂದಿನ ಭಾನುವಾರ ಕಾಟಲಿಂಗಪ್ಪನ ಬಂಡೆ ಎಳೀಬೇಕಂತೆ, ಆಚೆ ವಾರ ಬೀರಪ್ಪನ ಬೇವಿನ ಬೊಡ್ಡೆ. ನಮ್ಮ ಅಳಿಯಂದ್ರು ಬರ್ತಾರೆ ಅಂತ ಮಾತು ಕೊಟ್ಟೀನಿ."

ಭಾನುವಾರಗಳೆಲ್ಲ ಮುಗಿದುವೆಂದು ಅರಿವಾಗುವಷ್ಟು ಚಾರ್ಜು ಜುಂಜೇಶನಲ್ಲಿ ಉಳಿದಿರಲಿಲ್ಲ. ಸುಮ್ಮನೆ ಜೀಪಿನ ಬಾಗಿಲಿಗೆ ಕೈ ಹಾಕಿದ.

"ಎಲ್ಲಿಗೆ ಬಂದ್ರಿ?" ಎಂದಳು ರಂಜಿತಾ. ಪಕ್ಕದ ಸೀಟಿನಲ್ಲಿ ಅವ್ವ, ಮಡಿಲಲ್ಲಿ ಒಡೆದ ಕಾಯಿ. "ನಿಮ್ಮ ಮೈ ನೋಡ್ಕಳ್ರಿ."

"ನನ್ನ ಜೀಪು ಕಣೇ ಇದು!"

"ಅದಕ್ಕೇ ಹೇಳಾದು. ಸೀಟಿಗೆ ಮೆತ್ತಿದ್ರೆ ನಾಳೆ ನೀವೇ ಕೂಗಾಡ್ತೀರಿ."

ಮಾವನ ಗಾಡಿಯಲ್ಲಿ ಡ್ರೈವರಿನ ಪಕ್ಕದ ಸೀಟು ಇತ್ತು. ಅದರ ಮೇಲೆ ಕಂಬಳಿ ಮಡಚಿ ಇಟ್ಟಿದ್ದರು. "ಗದ್ದುಗೆ ಆಗಿದ್ದ ಕಂಬಳಿ ಅಳಿಯಂದ್ರೇ, ಅದರ ಪಕ್ಕ ಈ ವೇಷದಾಗೆ..." ಎಂದು ಚಿತ್ತಯ್ಯ ತಲೆ ಕೆರೆದುಕೊಂಡರು.

ಜುಂಜೇಶ ಹಿಂದಕ್ಕೆ ಹೋಗಿ ಗೊಬ್ಬರದ ಮೇಲೆ ಹತ್ತಿದ. ಗಾಡಿ ಹೊರಟಿತು. ಗೊಬ್ಬರ ಬೆಚ್ಚಗಿತ್ತು, ಮೆತ್ತಗಿತ್ತು. ಸಂಕೋಚವೆಲ್ಲ ಬಿಟ್ಟು ಅಂಗಾತ ಮಲಗಿದ. ಮುಂದೆ ಅವನ ಜೀಪು ಹಣೆಗೆ ಕುಂಕುಮವಿಟ್ಟುಕೊಂಡು, ಹಾಡು ಮೊಳಗಿಸುತ್ತ ಓಡುತ್ತಿತ್ತು. ಫೋನು ಬಂತು.

"ರೀ, ಮೊಬೈಲು ಚಾರ್ಜಿಗೂ ಹಾಕೀನಿ. ಎಂಜಿನ್ ಓಡ್ತೈತಲ್ಲ, ಏನಾಗಲ್ಲ. ನೀವು ಕುಂತ್ಕಂಡಿದೀರಾ?"

"ಮಲಗಿದೀನಿ."

"ಪಾಪ, ಮಲಗ್ರಿ, ಮಲಗ್ರಿ" ಎಂದಳು. ಮದುವೆಯಾದ ಮೇಲೆ ಅವಳು ಅವನಿಗೆ 'ಪಾಪ' ಎಂದದ್ದು ಅದೇ ಮೊದಲು. ಜುಂಜೇಶ ಕಣ್ಣು ಮುಚ್ಚಿದ.

"ದಾಳಿಂಬೆ ತೋಟ ಐದು ನಿಮಿಷದ ದಾರಿ. ಅಪ್ಪಯ್ಯಂಗೆ ಸೊಂಟ ಹಿಡ್ಕಂಡೈತೆ, ಗೊಬ್ಬರ ಇಳಿಸಾಕೆ ನೀವೊಬ್ರೇ."