ಜನರ ಮೈಕು

ಮುಳಬಾಗಿಲು ಸುತ್ತಮುತ್ತ ಸಭೆಗಳಿಗೆ ಮೈಕ್ ಸೆಟ್ ಹಾಕೋದು ನನ್ನ ಕಸುಬು. ಎಲ್ಲ ಪಕ್ಷದವರ ಗಂಟಲೂ ನನಗೆ ಗೊತ್ತು, ಕಿವಿ ಮಾತ್ರ ಯಾರದೂ ಕಂಡಿಲ್ಲ. ಅಲ್ಲಿ ನಡೆಯೋದನ್ನ ನೋಡಿ ಮೊದಮೊದಲು ನಗು ಬರ್ತಿತ್ತು. ಈಗ ಹೊಟ್ಟೆ ಉರಿಯುತ್ತೆ. ಹೇಳ್ತೀನಿ, ನೀವಾದ್ರೂ ನಕ್ಕುಬಿಡಿ.

೧. ಗ್ರಾಮಸಭೆ

ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ಬೀಗ ಬಿದ್ದಿತ್ತು. ಹಿಪ್ಪುನೇರಳೆ ತೋಟ ಮಾಡೋ ನಮ್ಮ ಚಿಕ್ಕಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತಳು. "ಬೋರ್ ನೀರು ಕುಡಿದು ಮೊಮ್ಮಗಳ ಹಲ್ಲು ಕಂದು ತಿರುಗ್ತಿದೆ ಸ್ವಾಮಿ. ಘಟಕದ ಬೀಗ ಯಾವಾಗ ತೆಗೀತೀರಿ?"

"ಪ್ರಶ್ನೆ ಎಲ್ಲ ಕೊನೆಗಮ್ಮ" ಅಂದ್ರು ಅಧ್ಯಕ್ಷರು.

ಪಾಪ, ಕಾದಳು. ಭಾಷಣ ಆಯ್ತು, ಹಾರ ಆಯ್ತು, ವಂದನಾರ್ಪಣೆ ಆಯ್ತು, ರಾಷ್ಟ್ರಗೀತೆಯೂ ಆಯ್ತು. ಆಮೇಲೆ ಅಧ್ಯಕ್ಷರು ಕೇಳಿದರು, "ಈಗ ಯಾರದಾದ್ರೂ ಪ್ರಶ್ನೆ ಇದೆಯೇನ್ರಪ್ಪಾ?"

ಕೇಳಿದ್ದು ಹೊರಟ ಕಾರಿನ ಕಿಟಕಿಯಿಂದ.

೨. ಸಂವಾದ

ಚುನಾವಣೆ ಬಂತು. ಓಟಿಗೆ ನಿಂತ ನಾಯಕರೊಬ್ಬರು ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿ, ಪೇಟೆಯಲ್ಲಿ 'ಜನರೊಂದಿಗೆ ಸಂವಾದ' ಇಟ್ಟರು. ಯಾರು ಏನು ಕೇಳಬೇಕು ಅನ್ನೋದನ್ನ ಅವರ ಕಡೆಯವರೇ ಮೊದಲೇ ಹಂಚಿಬಿಟ್ಟಿದ್ದರು. ಮೊದಲ ಪ್ರಶ್ನೆ ಟೊಮೆಟೊ ಬಗ್ಗೆ. ಅದನ್ನ ಕೇಳಬೇಕಾದ ಪುಣ್ಯಾತ್ಮ ಟೀ ಕುಡಿಯೋಕೆ ಹೋಗಿದ್ದ. ಚಿಕ್ಕಮ್ಮ ಬಿಡ್ತಾಳಾ? ಮೈಕ್ ಕಿತ್ಕೊಂಡು ಮೊಮ್ಮಗಳ ಹಲ್ಲಿನ ಕಥೆ ಪೂರ್ತಿ ಹೇಳಿದಳು.

ನಾಯಕರು ಕಣ್ಣು ಮುಚ್ಚಿ ತಲೆದೂಗಿದರು. "ಒಳ್ಳೆ ಪ್ರಶ್ನೆ ತಾಯಿ. ಅದಕ್ಕೇ ಕೋಲ್ಡ್ ಸ್ಟೋರೇಜ್ ಕಟ್ಟಿಸ್ತೀನಿ. ಎಷ್ಟು ತಿಂಗಳಿಟ್ರೂ ಒಂದೂ ಕೊಳೆಯಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಅದಕ್ಕೂ ಜನ ಇಟ್ಟಿದ್ದರಲ್ಲ.

೩. ಕರೆಂಟ್ ಹೋದಾಗ

ಆಮೇಲೆ ನಾಯಕರು ನಮ್ಮೂರಿಗೇ ಬಂದರು. ನನಗೊಂದು ಅಪ್ಪಣೆ ಆಗಿತ್ತು: ಅವರು ಶಾಲು ಸರಿ ಮಾಡ್ಕೊಂಡ್ರೆ ಜನರ ಮೈಕ್ ಆಫ್ ಮಾಡ್ಬೇಕು. ಚಿಕ್ಕಮ್ಮ ಎದ್ದಳು, ಶಾಲು ಅಲುಗಿತು. ನಾನು ಸ್ವಿಚ್ಚಿಗೆ ಕೈ ಹಾಕೋ ಮೊದಲೇ ಕರೆಂಟೇ ಹೋಯ್ತು. ಇಬ್ಬರ ಮೈಕೂ ಸತ್ತವು.

ತೋಟದ ಆಚೆ ಬದುವಿಗೆ ಕೂಗಿ ಪಳಗಿದ ಗಂಟಲು ಚಿಕ್ಕಮ್ಮನದು. "ಏಮಯ್ಯಾ! ಘಟಕದ ಬೀಗ ಯಾವಾಗ ತೆಗೀತೀರಿ? ಈ ನೀರು ಒಂದು ಗುಟುಕು ಕುಡಿದು ಹೇಳಿ!" ಅಂತ ಚೊಂಬು ತಂದು ಮುಂದಿಟ್ಟಳು. ಊರೆಲ್ಲ ಕೇಳಿಸ್ತು.

ನಾಯಕರು ನನ್ನ ಕಡೆ ತಿರುಗಿದರು. "ಲೇ, ಜನರೇಟರ್ ಹಾಕೋ!"

"ಡೀಸೆಲ್ ಇಲ್ಲ ಸಾರ್" ಅಂದೆ. ಟ್ಯಾಂಕ್ ತುಂಬ ಇತ್ತು.

ನನ್ನ ಕಸುಬಿನಲ್ಲಿ ಮೊದಲ ಸಲ ಒಬ್ಬರು ಕೇಳಿ, ಇನ್ನೊಬ್ಬರು ಎದುರಿಗೆ ನಿಂತು ಉತ್ತರ ಹೇಳಬೇಕಾಗಿ ಬಂದಿತ್ತು. ನನಗೆ ಎಷ್ಟು ಖುಷಿ ಆಯ್ತು ಅಂತೀರಿ! ನಾಯಕರು ಬೆವರು ಒರೆಸಿಕೊಂಡು, "ಮುಂದಿನ ವಾರ ನಾನೇ ಬಂದು ಉತ್ತರ ಕೊಡ್ತೀನಿ ತಾಯಿ" ಅಂದರು. ಚಿಕ್ಕಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಹೇಳಿದ ಹಾಗೇ ಬಂದರು. ನನ್ನನ್ನ ಕರೆಯಲಿಲ್ಲ, ಕೋಲಾರದಿಂದ ಬೇರೆ ಮೈಕ್ ಸೆಟ್ ತಂದಿದ್ದರು. ಜೊತೆಗೆ ಎರಡು ಜನರೇಟರ್. ಎರಡನ್ನೂ ಚಿಕ್ಕಮ್ಮ ಕೂತ ಕಡೆಯೇ ನಿಲ್ಲಿಸಿ ಸ್ಟಾರ್ಟ್ ಮಾಡಿದರು. ಅವಳು ಎದ್ದು ನಿಂತು ಕೈ ಬೀಸಿ ಕೂಗಿದ್ದೇ ಕೂಗಿದ್ದು, ಪಕ್ಕದಲ್ಲಿದ್ದ ನನಗೇ ಒಂದಕ್ಷರ ಕೇಳಿಸಲಿಲ್ಲ.

ನಾಯಕರು ವೇದಿಕೆಯಿಂದ ಅವಳಿಗೆ ತಿರುಗಿ ಕೈ ಬೀಸಿದರು. "ನೋಡಿ, ತಾಯಿ ಎಷ್ಟು ಖುಷಿಯಾಗಿದ್ದಾರೆ!"